ಹಸಿರು ಚುಕ್ಕಿ

ಮೀನುಗಾರಿಕೆ ಬಂದರಿನ ಕಚೇರಿಗೆ ಬಂದ ಹೆಂಗಸು ಸೆರಗಿನಲ್ಲಿ ಏನನ್ನೋ ಅವುಚಿಕೊಂಡು ನಿಂತಿದ್ದಳು.

“ನಮ್ಮವರ ಬೋಟು ಇನ್ನೂ ಬರ್ಲಿಲ್ಲ ಸರ್. ಹುಡುಕ್ಲಿಕ್ಕೆ ಯಾರನ್ನಾದ್ರೂ ಕಳ್ಸಿ, ನಿಮ್ಮ ಕಾಲು ಹಿಡೀತೇನೆ.”

ಸರ್ವರ್ ನೋಡಿಕೊಳ್ಳುವ ಎಂಜಿನಿಯರ್ ಪರದೆಯನ್ನು ಅವಳತ್ತ ತಿರುಗಿಸಿದ. “ನೋಡಿ ಅಕ್ಕಾ, ಚುಕ್ಕಿ ಹಸಿರೇ ಉಂಟು. ಬೋಟು ಎಲ್ಲುಂಟು ಅಂತ ತಿಳಿಸ್ಲಿಕ್ಕೆ ಅದರಲ್ಲಿಟ್ಟ ಪೆಟ್ಟಿಗೆ ನಮ್ಮ ಸರ್ವರಿಗೆ ಕನೆಕ್ಟ್ ಆಗಿಯೇ ಉಂಟು.”

“ನಿನ್ನೆಯಿಂದ ಅದು ಏನಾದ್ರೂ ಹೇಳಿತಾ?”

“ಇಲ್ಲ. ಆದ್ರೆ ಹೋಗ್ತೇನೆ ಅಂತ ಅದೇ ಹೇಳುವವರೆಗೆ ನಾವು ಲೈನ್ ಕಡಿಯುದಿಲ್ಲ, ಚುಕ್ಕಿ ಹಸಿರೇ ಇರ್ತದೆ. ಹಾಗೆ ಪ್ರೋಗ್ರಾಮ್ ಬರೆದದ್ದು ನಾನೇ.”

ಅವಳು ಸೆರಗು ಬಿಚ್ಚಿ, ಬೋಟಿನ ಹೆಸರಿದ್ದ ಒಡೆದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಅದರಿಂದ ಇನ್ನೂ ಉಪ್ಪುನೀರು ಸೋರುತ್ತಿತ್ತು.

“ಬೆಳಿಗ್ಗೆ ಇದು ದಡಕ್ಕೆ ಬಂದು ಬಿದ್ದಿತ್ತು. ಬೋಟಿನಲ್ಲಿ ಇಂಥದ್ದು ಇನ್ನೊಂದು ಉಂಟಲ್ವಾ ಸರ್?”