ಹುಕ್ಕೇರಿಯ ಹೆಸರಿನ ಸಕ್ಕರೆ

ಯಾರ ಹೆಸರಿನಲ್ಲಿ ದುವಾ ಓದಬೇಕೆಂದು ದರ್ಗಾದ ಮುಜಾವರರು ಕೇಳಿದಾಗ, ಸಕ್ಕರೆಯ ಪೊಟ್ಟಣ ಮುಂದಿಟ್ಟಿದ್ದ ಮೆಹಬೂಬಸಾಬ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಹುಕ್ಕೇರಿ ಫುಟ್‌ಬಾಲ್ ಟೀಮಿನ ಹೆಸರಲೆ ಓದ್ರಿ.”

ಮುಜಾವರರು ಅವನ ಮುಖವನ್ನೇ ನೋಡಿದರು. ಸಂಜೆ ಕೊಣ್ಣೂರಿನ ಮೈದಾನದಲ್ಲಿ ಹುಕ್ಕೇರಿಯ ಎದುರು ಫೈನಲ್ ಆಡುವುದು ಗೋಕಾಕದ ತಂಡ. ಅದರ ಗೋಲ್‌ಕೀಪರ್ ಮೆಹಬೂಬಸಾಬನ ಮಗ ಅಫ್ತಾಬ. ಆದರೂ ಕೇಳಿದ ಹೆಸರಿನಲ್ಲಿ ಓದುವುದು ಅವರ ಕೆಲಸ. ಓದಿ ಕೊಟ್ಟರು.

ಇದಕ್ಕೆಲ್ಲ ಮೂಲ ಚಹಾ ಅಂಗಡಿಯ ವಿಠ್ಠಲ. ವಿಶ್ವಕಪ್ ಯಾರು ಗೆಲ್ಲುತ್ತಾರೆ ಎನ್ನುವುದರ ಮೇಲೆ ಶೇರು ಪೇಟೆ ಏರಿಳಿಯುತ್ತದೆಂದು ಅವನು ಎಲ್ಲೋ ಕೇಳಿ ಬಂದಿದ್ದ. ಅದನ್ನು ಊರಿಗೆ ಹೊಂದಿಸಿ, ಹುಕ್ಕೇರಿ ಕಪ್ ಎತ್ತಿದ ಪ್ರತಿ ವರ್ಷವೂ ಮರುದಿನ ಶೇರು ಏರಿದೆ, ಗೋಕಾಕ ಎತ್ತಿದಾಗ ಬಿದ್ದಿದೆ ಎಂದು ಸಾರಿದ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ ಎಂದು ಎಲ್ಲರೂ ನಕ್ಕರು. ಮೆಹಬೂಬಸಾಬನೂ ನಕ್ಕ. ಆದರೆ ತನ್ನ ಗಾದಿ ಅಂಗಡಿಗೆ ಹೊಸ ಹತ್ತಿ ಪಿಂಜುವ ಯಂತ್ರ ತರಲು ಕೂಡಿಟ್ಟ ಹಣವನ್ನೆಲ್ಲ ಅವನು ಶೇರಿಗೆ ಹಾಕಿದ್ದ, ಉಳಿದವರು ಹಾಕಿರಲಿಲ್ಲ.

ಮನೆಗೆ ಬಂದು ಪೊಟ್ಟಣವನ್ನು ಗೋಡೆಯ ಮಾಡದಲ್ಲಿಟ್ಟು ಕೈಕಾಲು ತೊಳೆಯಲು ಹೋದ. ಯಾರಿಗೂ ಹೇಳದೆ ತಾನೊಬ್ಬನೇ ತಿಂದು ಮುಗಿಸುವ ಯೋಚನೆ. ಬರುವಷ್ಟರಲ್ಲಿ ಹೆಂಡತಿ ಹುಸೇನಬಿ ಪೊಟ್ಟಣ ಬಿಚ್ಚಿದ್ದಳು. ಫೈನಲ್ಲಿನ ದಿನ ಗಂಡ ದರ್ಗಾಕ್ಕೆ ಹೋಗಿ ಬಂದರೆ ಅದು ಮಗನಿಗಲ್ಲದೆ ಇನ್ಯಾರಿಗೆ? ಬೂಟು ಕಟ್ಟಿಕೊಳ್ಳುತ್ತಿದ್ದ ಅಫ್ತಾಬನ ಬಾಯಿಗೆ ಹಿಡಿ ಸಕ್ಕರೆ ಹಾಕಿಯೇಬಿಟ್ಟಳು. ತಡೆಯಲು ಕೈ ಚಾಚಿದ ಮೆಹಬೂಬಸಾಬ ಆ ಕೈಯಿಂದ ಗಡ್ಡ ತುರಿಸಿಕೊಂಡ.

ಪಂದ್ಯ ಸಮವಾಗಿ ಪೆನಾಲ್ಟಿಗೆ ಬಂತು. ಹುಕ್ಕೇರಿಯವರ ಕೊನೆಯ ಚೆಂಡನ್ನು ಅಫ್ತಾಬ ಹಾರಿ ತಡೆದ. ಮೆಹಬೂಬಸಾಬನ ಎದೆ ಉಬ್ಬಿತು. ಮರುಗಳಿಗೆ ಯಂತ್ರ ನೆನಪಾಗಿ ಇಳಿಯಿತು.

ಮನೆಗೆ ಬಂದ ಮಗ ಕಪ್ಪನ್ನು ಅಪ್ಪನ ತೊಡೆಯ ಮೇಲಿಟ್ಟ. “ಇಷ್ಟ ವರ್ಷ ಆಡೇನಿ. ನನ್ನ ಸಲುವಾಗಿ ನೀ ಸಕ್ಕರಿ ಓದಿಸಿದ್ದು ಇದ ಮೊದಲ, ಅಪ್ಪಾ.”

ಮೆಹಬೂಬಸಾಬ ತಲೆ ಎತ್ತಲಿಲ್ಲ. ಕಪ್ಪಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತ ಕೂತ.

ಮರುದಿನ, ಸೋಮವಾರ, ಶೇರು ಬಿತ್ತು. ಮಂಗಳವಾರ ಇನ್ನಷ್ಟು ಬಿತ್ತು. ತನ್ನ ಮಾತು ಖರೆಯಾದ ಖುಷಿಗೆ ವಿಠ್ಠಲ ಎಲ್ಲರಿಗೂ ಪುಕ್ಕಟೆ ಚಹಾ ಕುಡಿಸಿದನಂತೆ. ಮೆಹಬೂಬಸಾಬ ಆ ಕಡೆ ಸುಳಿಯಲಿಲ್ಲ.

ಗುರುವಾರ ಅವನು ಅಂಗಡಿಯಲ್ಲಿ ಹತ್ತಿಯ ರಾಶಿಯ ಮುಂದೆ ಸಪ್ಪಗೆ ಕೂತಿದ್ದಾಗ ಅಫ್ತಾಬ ಬಂದು ಬಾಜೂ ಕೂತ. ಜೇಬಿನಿಂದ ಪೊಟ್ಟಣವೊಂದನ್ನು ತೆಗೆದ.

“ದರ್ಗಾಕ್ಕ ಹೋಗಿದ್ದೆ. ನಿನ್ನ ಶೇರಿನ ಹೆಸರಲೆ ಓದಿಸ್ಕೊಂಡು ಬಂದೇನಿ.”

ಮೆಹಬೂಬಸಾಬ ಬೆದರಿದ. “ಮುಜಾವರ ಏನರೆ ಹೇಳಿದ್ರೇನು?”

“ಹೇಳಿದ್ರು. ಹೋದ ಸಲ ಯಾರ ಹೆಸರಲೆ ಓದಿಸಿದ್ದಿ ಅನ್ನೂದ ಹೇಳಿದ್ರು.”

ಅಫ್ತಾಬ ಪೊಟ್ಟಣ ಬಿಚ್ಚಿ ಹಿಡಿ ತುಂಬ ಸಕ್ಕರೆ ತೆಗೆದುಕೊಂಡ.

“ಬಾಯಿ ತಗಿ, ಅಪ್ಪಾ.”