ಬಿಷಪ್‌ಗೆ ಉಪ್ಪುನೀರು

ಕೂಕಬರಾ ಹಕ್ಕಿ ಅಡುಗೆಮನೆಯೊಳಕ್ಕೇ ನುಗ್ಗಿತು. ನೀರು ಬದಲಿಸಲೆಂದು ವರ್ನಾ ಗಾಜಿನ ತೊಟ್ಟಿಯ ಮುಚ್ಚಳ ತೆಗೆದು ನಲ್ಲಿಯತ್ತ ತಿರುಗಿದ್ದಳು, ಅಷ್ಟೆ. ರೆಕ್ಕೆ ಬಡಿದ ಸದ್ದಾಯಿತು. ನೋಡುವಷ್ಟರಲ್ಲಿ ಬಿಷಪ್ ಆ ದಪ್ಪ ಕೊಕ್ಕಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಅವಳು ಕೈಲಿದ್ದ ಒದ್ದೆ ಬಟ್ಟೆ ಬೀಸಿದಳು. ಹಕ್ಕಿ ಮೀನನ್ನು ನೆಲಕ್ಕೆ ಬೀಳಿಸಿ ಹಾರಿಹೋಯಿತು. ಬೇಲಿಯ ಮೇಲೆ ಕೂತು, ಮನುಷ್ಯರ ನಗುವಿನಂಥ ತನ್ನ ಕೂಗಿನಲ್ಲಿ ಗಹಗಹಿಸಿತು.

ಬಿಷಪ್ ಕೆಂಪು ಬಣ್ಣದ ಗೋಲ್ಡ್‌ಫಿಶ್. ನೆತ್ತಿಯ ಮೇಲೆ ಬಿಳಿ ಟೋಪಿಯಂಥ ಮಚ್ಚೆ. ಹೆಸರಿಟ್ಟವಳು ಅಕ್ಕ ಐಡಾ. ಅಕ್ಕತಂಗಿಯರಿಬ್ಬರೂ ಮದುವೆಯಾಗದೆ ಮೇರಿಬರೋ ಎಂಬ ಸಣ್ಣ ಊರಿನ ಈ ಮರದ ಮನೆಯಲ್ಲೇ ಉಳಿದವರು. ಪೇಟೆ, ಫೋನು, ಜನ ಎಲ್ಲ ಐಡಾಳ ಪಾಲಿಗೆ. ಹೊಲಿಗೆಯಂತ್ರ ಮತ್ತು ಮೌನ ವರ್ನಾಳ ಪಾಲಿಗೆ. ಏಪ್ರಿಲಿನಲ್ಲಿ ಐಡಾ ತೀರಿಕೊಂಡಳು. ಆಮೇಲೆ ಆ ಮನೆಯಲ್ಲಿ ವರ್ನಾಳ ಹೆಜ್ಜೆಯ ಸದ್ದಿಗೆ ತಿರುಗಿ ನೋಡುವ ಜೀವವೆಂದರೆ ಬಿಷಪ್ ಒಬ್ಬನೇ.

ಅವನನ್ನು ತೊಟ್ಟಿಗೆ ಬಿಟ್ಟು, ಐಡಾಳ ಫೋನ್ ಪುಸ್ತಕ ತೆರೆದಳು. ಅಕ್ಕನ ದುಂಡು ಅಕ್ಷರ: ‘ಮೀನು – ಮನೋಲಿ’. ಪಕ್ಕದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

"ಮೀನಂಗಡಿನಾ?"

"ಹೌದಮ್ಮ, ಮೀನಂಗಡಿನೇ. ಏನ್ ಬೇಕಿತ್ತು?" ವಯಸ್ಸಾದ ಗಂಡಸಿನ ದನಿ. ಹಿಂದೆ ಬುಳುಬುಳು ಸದ್ದು. ಸಾಲು ಸಾಲು ತೊಟ್ಟಿಗಳು, ಮೇಲೇಳುವ ಗುಳ್ಳೆಗಳು ವರ್ನಾಳ ಕಣ್ಣಿಗೆ ಕಟ್ಟಿದವು.

"ನನ್ನ ಮೀನನ್ನ ಹಕ್ಕಿ ಕಚ್ಚಿಬಿಡ್ತು. ಪಕ್ಕದಲ್ಲಿ ಪೊರೆ ಕಿತ್ತುಹೋಗಿದೆ. ಬಾಲ ಹರಿದಿದೆ. ಒಂದೇ ಕಡೆಗೆ ವಾಲ್ಕೊಂಡು..." ಮುಂದಿನದು ಅಳುವಾಯಿತು.

ಆ ಕಡೆ ಏನನ್ನೋ ಪಕ್ಕಕ್ಕಿಟ್ಟ ಸದ್ದಾಯಿತು.

"ಜೀವ ಇದೆ ತಾನೆ?" ಎಂದ ಅವನು. "ಕೈ ಒದ್ದೆ ಮಾಡ್ಕೊಂಡೇ ಹಿಡೀರಿ. ಬಾಲದಿಂದ ತಲೆ ಕಡೆಗೆ ಸವರಬೇಡಿ, ಇರೋ ಪೊರೇನೂ ಎದ್ದುಬಿಡುತ್ತೆ. ಅದೇ ತೊಟ್ಟಿ ನೀರು ತುಂಬಿ ಬೇರೆ ಪಾತ್ರೇಲಿ ಬಿಡಿ. ಮಿಕ್ಕಿದ್ದು... ನಿಮ್ಮ ನಂಬರ್ ಕೊಡಿ. ಮೂರು ಗಂಟೆಗೆ ಹೇಳ್ತೀನಿ."

ಮೂರಕ್ಕೆ ಸರಿಯಾಗಿ ಫೋನ್ ಬಂತು. ನಾಲ್ಕು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಅಯೋಡಿನ್ ಇಲ್ಲದ್ದು. ಇವತ್ತು ಆಹಾರ ಬೇಡ. ಪಾತ್ರೆಯ ಮೇಲೆ ಬಟ್ಟೆ ಹೊದಿಸಿ, ಮಂದ ಬೆಳಕಿರಲಿ.

"ಔಷಧಿ? ನಿಮ್ಮಂಗಡೀಲಿ ಇರೋದೇ ಕೊಡಿ, ಬರ್ತೀನಿ."

"ಅಯ್ಯೋ, ನನ್ನ ಅಂಗಡೀಲಿ ಇರೋದ್ಯಾವುದೂ ಅವನಿಗೆ ಆಗಿಬರಲ್ಲ!"

ವರ್ನಾಳಿಗೆ ಅನುಮಾನ ಬಂತು. ಮಾರಲು ಒಲ್ಲದ ಅಂಗಡಿಯವನನ್ನು ಅವಳು ಕಂಡಿರಲಿಲ್ಲ.

ಆದರೂ ಮಂಗಳವಾರ ಮೂರಕ್ಕೆ ಅವಳು ಫೋನಿನ ಪಕ್ಕದಲ್ಲೇ ಕೂತಿದ್ದಳು. ಬುಧವಾರ ಕೂದಲು ಬಾಚಿಕೊಂಡು ಕೂತಳು. ಗುರುವಾರ ಅವನು, "ನಾಳೆ ಮಾತ್ರ ಮಾಡೋಕಾಗಲ್ಲ ವರ್ನಾ. ಶುಕ್ರವಾರ ಜನ ಮುಗಿಬೀಳ್ತಾರೆ" ಎಂದ. ಈ ಸಣ್ಣ ಊರಿನಲ್ಲಿ ಅಷ್ಟೊಂದು ಜನ ಮೀನು ಸಾಕುತ್ತಾರೆಯೇ ಎಂದು ಅವಳಿಗೆ ಆಶ್ಚರ್ಯ.

ಶುಕ್ರವಾರ ಸಂಜೆ ಗಾಯದ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡಿತು. ಬಿಷಪ್ ತಳದಲ್ಲಿ ಮಲಗಿದ್ದ. ಕಿವಿರು ಅಪರೂಪಕ್ಕೊಮ್ಮೆ ಅಲುಗುತ್ತಿತ್ತು. ಅವಳು ಫೋನ್ ಮಾಡಿಯೇಬಿಟ್ಟಳು.

"ಬೂಷ್ಟಾ? ಇರಿ, ಇರಿ." ಪುಟ ಮಗುಚಿದ ಸದ್ದು. "ಒಂದು ಲೀಟರಿಗೆ ಎರಡು ಚಮಚ ಉಪ್ಪು. ಬೇರೆ ಬೋಗುಣೀಲಿ. ಹತ್ತೇ ನಿಮಿಷ. ಮಗುಚಿಕೊಂಡ್ರೆ ತಕ್ಷಣ ತೆಗೆದುಬಿಡಿ."

"ನನ್ನ ಕೈಲಾಗಲ್ಲ. ಐಡಾ ಕೊನೇಲಿ ಹೀಗೇ ಉಸಿರೆಳೀತಿದ್ಲು. ನಾನೊಬ್ಬಳೇ ನೋಡ್ಕೊಂಡು ಕೂತಿದ್ದೆ."

"ಒಬ್ಬರೇ ಯಾಕೆ? ನಾನಿದ್ದೀನಲ್ಲ ಫೋನಲ್ಲಿ. ನಿಮಿಷ ನಾನು ಎಣಿಸ್ತೀನಿ, ನೀವು ಅವನನ್ನ ನೋಡ್ತಿರಿ."

ವರ್ನಾ ಬಿಷಪ್‌ನನ್ನು ಉಪ್ಪುನೀರಿನ ಬೋಗುಣಿಗೆ ಬಿಟ್ಟಳು. ಮನೋಲಿಯ ಹಿಂದೆ ಗದ್ದಲ. "ಏನ್ ಮನೋಲಿ, ನಮ್ದು ಇವತ್ತಿಗೆ ಸಿಗುತ್ತಾ ಇಲ್ವಾ?" ಎಂದು ಯಾರೋ ಕೂಗಿದರು.

"ಸ್ವಲ್ಪ ಸುಮ್ನಿರ್ರಯ್ಯಾ, ಇಲ್ಲೊಂದು ಜೀವ ಹೋಗ್ತಿದೆ!" ಎಂದು ಗದರಿ, "ಏಳು" ಎಂದ. ಸ್ವಲ್ಪ ಹೊತ್ತಿಗೆ, "ಎಂಟು."

ಹತ್ತನೆಯ ನಿಮಿಷಕ್ಕೆ ಬಿಷಪ್ ಬಾಲ ಆಡಿಸಿದ.

ಮುಂದಿನ ವಾರ ಬೂಷ್ಟು ಕಳಚಿತು. ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯನ್ನು ಬಿಷಪ್ ಬಾಯಿ ತೆರೆದು ನುಂಗಿದ. ಈಗ ಮೂರು ಗಂಟೆಯ ಮಾತಿನಲ್ಲಿ ಮೀನಿನ ವಿಷಯ ಎರಡೇ ನಿಮಿಷ. ಉಳಿದದ್ದೆಲ್ಲ ಐಡಾ, ಹೊಲಿಗೆ, ಮನೋಲಿ ಹುಡುಗನಾಗಿ ಬಿಟ್ಟುಬಂದ ಗ್ರೀಕ್ ದ್ವೀಪ, ಅವನ ತೀರಿಹೋದ ಹೆಂಡತಿ.

"ಪೂರ್ತಿ ಗುಣ ಆಯ್ತು" ಎಂದು ಮೂರನೆಯ ವಾರ ಹೇಳುವಾಗ ವರ್ನಾಳ ದನಿ ಯಾಕೋ ಕುಗ್ಗಿತ್ತು. ಇನ್ನು ಫೋನಿಗೆ ನೆಪವೇನು?

"ಮೂವತ್ತೊಂದು ವರ್ಷದಲ್ಲಿ ನನ್ನ ಕೈಗೆ ಬಂದು ಬದುಕಿದ ಮೀನು ಇದೊಂದೇ" ಎಂದ ಮನೋಲಿ.

ತಮಾಷೆಯೆಂದು ವರ್ನಾ ನಕ್ಕಳು. ಏಪ್ರಿಲಿನಿಂದೀಚೆಗೆ ಮೊದಲ ನಗು. ಆ ಧೈರ್ಯದಲ್ಲೇ, "ಅಂಗಡಿ ಎಲ್ಲಿ? ಅವನನ್ನ ಕರ್ಕೊಂಡು ಬಂದು ತೋರಿಸ್ತೀನಿ" ಎಂದಳು.

"ಬೇಡ ವರ್ನಾ."

"ಯಾಕೆ?"

"ನೋಡಿದ್ಮೇಲೆ ಮತ್ತೆ ಫೋನ್ ಎತ್ತಲ್ಲ ನೀವು."

"ಎತ್ತದೆ? ಹೇಳಿ, ಎಲ್ಲಿ?"

ಅವನು ನಿಟ್ಟುಸಿರು ಬಿಟ್ಟ. "ಸೇತುವೆ ದಾಟಿ, ಪೆಟ್ರೋಲ್ ಬಂಕ್ ಪಕ್ಕ. ಬಂದ್ಮೇಲೆ ಬೈಬೇಡಿ."

ಮರುದಿನ ಮಧ್ಯಾಹ್ನ ವರ್ನಾ ನೀಲಿ ಫ್ರಾಕ್ ತೊಟ್ಟು, ದೊಡ್ಡ ಗಾಜಿನ ಜಾಡಿಯನ್ನು ಎದೆಗವಚಿಕೊಂಡು ಬಸ್ಸಿಳಿದಳು. ಜಾಡಿಯಲ್ಲಿ ಬಿಷಪ್ ಸುತ್ತುತ್ತಿದ್ದ. ಬಾಗಿಲು ತಳ್ಳಿದಾಗ ಸಾಲಿನಲ್ಲಿ ನಿಂತಿದ್ದ ಆರೇಳು ಮಂದಿ ತಿರುಗಿ ಜಾಡಿಯನ್ನೂ ಅವಳನ್ನೂ ನೋಡಿದರು. ಒಳಗೆ ಒಂದೇ ಒಂದು ತೊಟ್ಟಿಯೂ ಇರಲಿಲ್ಲ. ಗಲ್ಲಾದ ಪಕ್ಕ ಗೋಲ್ಡ್‌ಫಿಶ್ ಸಾಕುವ ಬಗ್ಗೆ ಲೈಬ್ರರಿಯ ಪುಸ್ತಕವೊಂದು ತೆರೆದು ಬಿದ್ದಿತ್ತು. ಪುಟಗಳ ತುಂಬ ಹಿಟ್ಟಿನ ಬೆರಳಚ್ಚು. ಅದರಾಚೆ, ಮೊಣಕೈವರೆಗೂ ಬೆಳ್ಳಗಾಗಿದ್ದ ಮುದುಕನೊಬ್ಬ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಿಂತಿದ್ದ.

"ಬಿಷಪ್‌ನ ಮುಖ ಸ್ವಲ್ಪ ಆ ಕಡೆ ತಿರುಗಿಸಿ, ವರ್ನಾ," ಎಂದ ಮನೋಲಿ, "ಇವರಿಗೆಲ್ಲ ಇನ್ನೂ ಎಂಟು ಮೀನು ಕರಿದುಕೊಡ್ಬೇಕು."