ವೇದಿಕೆಗೆ ಬೆನ್ನು

“ಕೊನೆಯ ಕಾರ್ಯಕ್ರಮದಲ್ಲಿ ಗುಡುಗಣ್ಣ ಹಾಕ್ಕೊಂಡಿದ್ದ ಕೋಟು ಯಾವ ಬಣ್ಣದ್ದು?” ಎಂದು ಮೇಷ್ಟ್ರು ಕೇಳಿದರು. ಕಾವಲುಗಾರ ತಲೆ ಕೆರೆದುಕೊಂಡ. ಇದು ಮೂರನೆಯ ಪ್ರಶ್ನೆ. ಮೊದಲೆರಡಕ್ಕೂ ಅವನು ಕೆರೆದುಕೊಂಡಿದ್ದು ತಲೆಯನ್ನೇ.

ಮೇಷ್ಟ್ರು ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಈಗ ಗುಡುಗಣ್ಣನ ಅಭಿಮಾನಿ ಸಂಘದ ಕಾರ್ಯದರ್ಶಿ. ಗುಡುಗಣ್ಣ ಅನ್ನುವುದು ಅಭಿಮಾನಿಗಳು ಇಟ್ಟ ಹೆಸರು. ಎಪ್ಪತ್ತೆರಡರ ಪ್ರಾಯದಲ್ಲೂ ಗಿಟಾರ್ ಹೆಗಲಿಗೇರಿಸಿ ರಾಕ್ ಹಾಡುಗಳನ್ನು ಗುಡುಗುತ್ತಿದ್ದ ಆ ಮುದುಕ ಹೋದ ತಿಂಗಳು ‘ಇನ್ನು ಸಾಕು’ ಎಂದು ವೇದಿಕೆ ಬಿಟ್ಟಿದ್ದ. ಅವನನ್ನು ಕಣ್ಣಾರೆ ಕಂಡವರ ನೆನಪುಗಳನ್ನು ಕಲೆಹಾಕಿ ಸಂಘ ಪುಸ್ತಕ ತರುತ್ತಿತ್ತು. ಒಬ್ಬರಿಗೆ ಒಂದು ಪುಟ, ಮೇಲೆ ಅವರ ಫೋಟೋ. ಟಿವಿಯಲ್ಲಿ ನೋಡಿ ‘ನಾನೂ ಅಲ್ಲಿದ್ದೆ’ ಅಂತ ರೈಲು ಬಿಡುವವರ ಕಾಟ ಹೆಚ್ಚಾದಾಗ ಮೇಷ್ಟ್ರು ಪರೀಕ್ಷೆ ಇಟ್ಟರು: ಮೂರು ಪ್ರಶ್ನೆ, ಎರಡಕ್ಕಾದರೂ ಸರಿಯುತ್ತರ. ಮೇಷ್ಟ್ರ ಹುಟ್ಟುಗುಣ ಸುಟ್ಟರೂ ಹೋಗದಲ್ಲ. ಪಾಸಾದವರ ಹಾಳೆಗಳು ಊಟದ ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಅಷ್ಟು ಸಾವಿರ ಜನರ ನಡುವೆ ಗುಡುಗಣ್ಣ ತನ್ನನ್ನೇ ನೋಡಿ ನಕ್ಕ ಎಂದು ನಲವತ್ತು ಜನ ಬರೆದಿದ್ದರು. ಮೇಷ್ಟ್ರು ಅಷ್ಟನ್ನೂ ನಂಬಿದ್ದರು. ಆ ನಲವತ್ತರಲ್ಲಿ ಅವರೂ ಒಬ್ಬರು.

“ಮೂರಕ್ಕೆ ಸೊನ್ನೆ. ಹೋಗಿ ಬನ್ನಿ,” ಎಂದರು.

ಕಾವಲುಗಾರ ಏಳಲಿಲ್ಲ. ಗುಡುಗಣ್ಣ ಹಾಡುತ್ತಿದ್ದ ಕ್ರೀಡಾಂಗಣದಲ್ಲಿ ಅವನು ಇಪ್ಪತ್ತಾರು ವರ್ಷ ದುಡಿದಿದ್ದ. ಗುಡುಗಣ್ಣನ ಕಾರ್ಯಕ್ರಮಗಳೇ ಇಪ್ಪತ್ತೆರಡು. ಮಂಡಿ ಸೋತು ಕೆಲಸ ಬಿಟ್ಟ ದಿನ, “ಮಾವ, ಅಷ್ಟು ವರ್ಷ ಅಲ್ಲಿ ನಿಂತಿದ್ರಿ ಅನ್ನೋಕೆ ಒಂದು ಚೀಟಿಯಾದ್ರೂ ಇದೆಯಾ?” ಎಂದು ಸೊಸೆ ಕೇಳಿದ್ದಳು. ತಮಾಷೆಗೇ ಕೇಳಿದ್ದು. ಆದರೂ ಆ ಮಾತು ಅವನಿಗೆ ನಾಟಿತ್ತು. ಪುಸ್ತಕದಲ್ಲಿ ಒಂದು ಪುಟ ಸಿಕ್ಕರೆ ಸೊಸೆಯ ಮುಂದೆ ಬಿಡಿಸಿ ಇಡಬೇಕೆಂದು, ಇದ್ದೊಂದು ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದ.

“ಸಾರ್, ನಾನು ವೇದಿಕೆಗೆ ನಾಲ್ಕೇ ಅಡಿ ದೂರ ಇದ್ದೆ. ಆದ್ರೆ ನಮ್ಮ ಡ್ಯೂಟಿ ಜನರ ಕಡೆ ಮುಖ ಮಾಡ್ಕೊಂಡು ನಿಲ್ಲೋದು. ಹಿಂದೆ ತಿರುಗಿದ್ರೆ ಅವತ್ತೇ ಕೆಲಸದಿಂದ ಮನೆಗೆ.”

“ಇಪ್ಪತ್ತೆರಡು ಸಲದಲ್ಲಿ ಒಂದು ಸಲಾನೂ ತಿರುಗಲಿಲ್ವಾ?”

“ಇಲ್ಲ ಸಾರ್. ಬೆನ್ನಿಗೆ ಕೇಳಿಸ್ತಿತ್ತು. ಡ್ರಮ್ ಬಡಿದ್ರೆ ಪಕ್ಕೆಲುಬು ನಡುಗ್ತಿತ್ತು.”

ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಎಂದುಕೊಂಡರು ಮೇಷ್ಟ್ರು. ಕಿಟಕಿಯ ಬಳಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅವರ ಹೆಂಡತಿ, “ಟೀ ತರ್ಲಾ?” ಎಂದಾಗ ತಲೆ ಎತ್ತದೆ ಬೇಡವೆಂದು ಬೆರಳಾಡಿಸಿದರು. “ನೋಡದೇ ಇದ್ದವರ ನೆನಪನ್ನ ಹೇಗ್ರೀ ಹಾಕೋದು? ನಿಮಗೆ ನೆನಪಿರೋದಾದ್ರೂ ಏನು?”

“ಜನ ಸಾರ್. ನೀವೇ ನೆನಪಿದ್ದೀರಿ. ಮೂರನೇ ಸಾಲು, ಎಡಗಡೆ ಕಂಬದ ಪಕ್ಕ. ಹನ್ನೊಂದು ಸಲ ಬಂದಿದ್ದೀರಿ.”

ಲೆಕ್ಕ ಸರಿಯಾಗಿತ್ತು. ಮೇಷ್ಟ್ರು ಪೆನ್ನು ಕೆಳಗಿಟ್ಟರು.

“ಹಾಡು ಶುರುವಾದ್ರೆ ಕನ್ನಡಕ ತೆಗೆದು ಜೇಬಿಗೆ ಹಾಕ್ತಿದ್ರಿ. ಆಮೇಲೆ ಎರಡೂ ಕೈ ಎತ್ಕೊಂಡು ಕುಣಿಯೋದೇನು, ಬಾಯಿ ತುಂಬಾ ನಗೋದೇನು! ಒಂದ್ಸಲ ಮುಂದಿನ ಸಾಲಿನವನನ್ನ ತಬ್ಕೊಂಡು ಅತ್ತುಬಿಟ್ರಿ. ಅವನು ಹೆದರಿ ನನ್ನ ಕರೆದ.”

“ಅದು... ನೂಕುನುಗ್ಗಲು,” ಎಂದರು ಮೇಷ್ಟ್ರು. ಕಿವಿ ಕೆಂಪಾಗಿದ್ದವು.

“ಅಮ್ಮಾವ್ರೂ ಜೊತೇಲಿರ್ತಿದ್ರು,” ಎಂದ ಕಾವಲುಗಾರ ಇಸ್ತ್ರಿಯ ಕಡೆ ಕೈ ತೋರಿಸಿ. “ಇವರ ಮೇಲೆ ನನಗೆ ಅನುಮಾನ ಇತ್ತು ಸಾರ್, ತಪ್ಪು ತಿಳೀಬೇಡಿ. ವೇದಿಕೆ ಬಿಟ್ಟು ಬೇರೆ ಕಡೆ ನೋಡೋರ ಮೇಲೆ ಒಂದು ಕಣ್ಣಿಟ್ಟಿರಿ, ಜೇಬುಗಳ್ಳರು ಹಾಗೇ ಮಾಡೋದು ಅಂತ ನಮಗೆ ಹೇಳಿಕೊಟ್ಟಿರ್ತಾರೆ. ಇವರು ಒಂದೇ ಒಂದು ಸಲಾನೂ ವೇದಿಕೆ ನೋಡ್ಲಿಲ್ಲ. ಮೊದಲಿಂದ ಕೊನೇವರೆಗೂ ನಿಮ್ಮ ಮುಖಾನೇ ನೋಡ್ತಿದ್ರು. ಹೆಂಡತಿ ಅಂತ ಗೊತ್ತಾಗೋಕೆ ನನಗೆ ಮೂರು ಕಾರ್ಯಕ್ರಮ ಬೇಕಾಯ್ತು.”

ಮೇಷ್ಟ್ರಿಗೆ ಈಗ ಧೈರ್ಯ ಬಂತು. ಇಂಥ ಸುಳ್ಳನ್ನು ಹಿಡಿಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. “ಅಲ್ಲೇ ಎಡವಿದ್ರಿ ನೋಡಿ! ಗುಡುಗಣ್ಣ ಅಂದ್ರೆ ಇವಳಿಗೆ ನನಗಿಂತ ಹುಚ್ಚು. ಪ್ರತಿ ಸಲ ಸಾಲಲ್ಲಿ ನಿಂತು ಟಿಕೆಟ್ ತಂದಿದ್ದೇ ಇವಳು. ಅಂಥವಳು ವೇದಿಕೆ ನೋಡ್ಲಿಲ್ಲ ಅಂತೀರಲ್ಲ, ಯಾರಾದ್ರೂ ನಂಬ್ತಾರಾ? ಏನೇ, ನೀನೇ ಹೇಳು.”

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಮಡಚಿದ ಅಂಗಿಯನ್ನು ಗಂಡನ ಅಂಗಿಗಳ ಮೇಲಿಟ್ಟು, ಅಂಚು ಸರಿಮಾಡಿದರು.

“ಅವರಿಗೆ ಒಂದು ಪುಟ ಕೊಡಿ, ಅವರು ಹೇಳಿದ್ದೆಲ್ಲಾ ನಿಜ,” ಎಂದರು. “ಗುಡುಗಣ್ಣ ಟಿವಿ ಹಾಕಿದ್ರೆ ಸಿಗ್ತಾನೆ. ನೀವು ನಗೋದನ್ನ ನಾನು ಇನ್ನೆಲ್ಲಿಗೆ ಹೋಗಿ ನೋಡ್ಬೇಕಿತ್ತು?”